ಮನೆ ಕಂಪ್ಯೂಟರಿಗೆ ಯಾವ ಜಿಪ್ ಸಾಫ್ಟ್‌ವೇರ್ ಒಳ್ಳೆಯದು? ಆರಿಸುವುದರಿಂದ ಹಿಡಿದು ಕಳಿಸುವವರೆಗೆ

"ಯಾವುದು ಹಾಕಿದರೆ ಫೈಲ್ ತುಂಬಾ ಚಿಕ್ಕದಾಗುತ್ತೆ?" ಫೈಲ್‌ಗಳನ್ನು ಕುಗ್ಗಿಸಿ ಒಂದೇ ಗಂಟು ಕಟ್ಟುವ ಜಿಪ್ ಸಾಫ್ಟ್‌ವೇರ್ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಇದನ್ನೇ. ಮನೆ ಕಂಪ್ಯೂಟರಿನ ಮಟ್ಟಿಗೆ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು ಬೇರೆ: ಈ ಫೈಲನ್ನು ಆ ಕಡೆ ಬಿಚ್ಚುವವರು ಯಾರು? ನಮ್ಮ ದಾವಣಗೆರೆಯ ಮಂಡಿಪೇಟೆ ಅಂಗಡಿಯ ಲೆಕ್ಕ ನೋಡುವ ಆಡಿಟರ್ ಆಫೀಸಿನ ಹಳೇ ಕಂಪ್ಯೂಟರಾ, ಹದಡಿ ರಸ್ತೆಯ ಜೆರಾಕ್ಸ್ ಅಂಗಡಿಯಾ, ಬೆಂಗಳೂರಿನಲ್ಲಿ ಓದುತ್ತಿರುವ ಮಗಳ ಫೋನಾ? ನೀವು ಎಷ್ಟೇ ಚಿಕ್ಕದು ಮಾಡಿ ಕಳಿಸಿ, ಅಲ್ಲಿಂದ "ಅಣ್ಣಾ, ಓಪನ್ನೇ ಆಗ್ತಿಲ್ಲ" ಅಂತ ಫೋನ್ ಬಂದರೆ ಮಾಡಿದ ಕೆಲಸವೆಲ್ಲ ದಂಡ.

ಅವಸರ ಇರುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸ್ ಕಂಪ್ಯೂಟರ್ ಆದರೆ 7-ಜಿಪ್ ಹಾಕಿಕೊಳ್ಳಿ. ಅದು ಪೂರ್ತಿ ಫ್ರೀ. ಬೇರೆಯವರಿಗೆ ಕಳಿಸುವಾಗ ಜಿಪ್ ಫಾರ್ಮ್ಯಾಟ್, ನಿಮ್ಮಲ್ಲೇ ಇಟ್ಟುಕೊಳ್ಳುವ ಬ್ಯಾಕಪ್‌ಗೆ 7ಜೆಡ್ ಫಾರ್ಮ್ಯಾಟ್. ಅಷ್ಟೇ. ಉಳಿದದ್ದು ಯಾಕೆ, ಹೇಗೆ, ಎಲ್ಲಿ ಎಡವುತ್ತೀರಿ ಅನ್ನೋ ಕಥೆ.

ಹಂತ 1: ಮೊದಲು ನಿಮ್ಮ ಫೋಲ್ಡರ್ ಒಳಗೆ ಏನಿದೆ ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ಸಾಫ್ಟ್‌ವೇರ್ ಹುಡುಕೋಕೆ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ.

ಫೈಲ್ ಹೇಗೆ ಕುಗ್ಗುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಎಷ್ಟೋ ಗೊಂದಲ ತಪ್ಪುತ್ತದೆ. ಜಿಪ್ ಮಾಡುವ ಪ್ರೋಗ್ರಾಮ್ ಫೈಲಿನಲ್ಲಿ ಮತ್ತೆ ಮತ್ತೆ ಬರುವ ತುಂಡುಗಳನ್ನು ಹುಡುಕುತ್ತದೆ. ಅಕ್ಕಿ ಅಂಗಡಿಯ ಸ್ಟಾಕ್ ಪಟ್ಟಿ ತೆಗೆದುಕೊಳ್ಳಿ. "ಸೋನಾ ಮಸೂರಿ 25 ಕೆಜಿ ಚೀಲ" ಅನ್ನೋ ಸಾಲು ಅದರಲ್ಲಿ ನೂರಾರು ಸಲ ಬರುತ್ತದೆ. ಪ್ರೋಗ್ರಾಮ್ ಒಂದು ಸಲ ಪೂರ್ತಿ ಬರೆದುಕೊಂಡು, ಮುಂದಿನ ಸಲ "ಇಷ್ಟು ಅಕ್ಷರ ಹಿಂದೆ ಹೋಗು, ಅಲ್ಲಿಂದ ಇಷ್ಟು ಎತ್ತಿಕೊ" ಅಂತ ಚಿಕ್ಕ ಗುರುತು ಹಾಕುತ್ತದೆ. ಇದು 1977ರಲ್ಲಿ ಲೆಂಪೆಲ್ ಮತ್ತು ಝಿವ್ ಎಂಬ ಇಬ್ಬರು ಪ್ರಕಟಿಸಿದ ಉಪಾಯ. ಇವತ್ತಿನ ಜಿಪ್, 7ಜೆಡ್, ರಾರ್ ಎಲ್ಲದರ ಬೇರು ಅಲ್ಲೇ ಇದೆ. ವ್ಯತ್ಯಾಸ ಇರುವುದು ಎಷ್ಟು ಹಿಂದಕ್ಕೆ ನೋಡುತ್ತದೆ ಎಂಬುದರಲ್ಲಿ. ಮಾಮೂಲಿ ಜಿಪ್ 32 ಕೆಬಿ ಅಷ್ಟೇ ಹಿಂದೆ ನೋಡುತ್ತದೆ. 7ಜೆಡ್ ಹತ್ತಾರು ಎಂಬಿ ಹಿಂದಕ್ಕೂ ಹೋಗಿ ಹುಡುಕಬಲ್ಲದು, ಅದಕ್ಕೇ ಅದು ಜಾಸ್ತಿ ಕುಗ್ಗಿಸುತ್ತದೆ, ಅದಕ್ಕೇ ಜಾಸ್ತಿ ಹೊತ್ತು ಮತ್ತು ಜಾಸ್ತಿ ರ್‍ಯಾಮ್ ತಿನ್ನುತ್ತದೆ.

ಈಗ ಮದುವೆ ಫೋಟೋ ಫೋಲ್ಡರಿಗೆ ಬನ್ನಿ. ಸ್ಟುಡಿಯೋದವರು ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟ ಹತ್ತಾರು ಜಿಬಿ ಜೆಪೆಗ್ ಫೋಟೋ, ಎಂಪಿ4 ವಿಡಿಯೋ. ಇದನ್ನು ಯಾವ ಸಾಫ್ಟ್‌ವೇರಿಗೆ ಹಾಕಿದರೂ ಒಂದೆರಡು ಪರ್ಸೆಂಟ್ ಕಡಿಮೆಯಾದರೆ ನಿಮ್ಮ ಪುಣ್ಯ. ಯಾಕೆಂದರೆ ಜೆಪೆಗ್ ಅಂದರೇ ಕುಗ್ಗಿಸಿದ ಫೋಟೋ. ಎಂಪಿ4, ಎಂಪಿ3 ಕೂಡ ಹಾಗೇ. ಮತ್ತೆ ಮತ್ತೆ ಬರುವ ತುಂಡುಗಳನ್ನು ಕ್ಯಾಮೆರಾನೇ ಹಿಂಡಿ ತೆಗೆದಿರುತ್ತದೆ, ಜಿಪ್‌ಗೆ ಹಿಂಡಲು ಏನೂ ಉಳಿದಿರುವುದಿಲ್ಲ. ವರ್ಡ್‌ನ ಡಾಕ್ಸ್, ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್‌ಗಳಂತೂ ಒಳಗೆ ನಿಜವಾಗಿ ಜಿಪ್ ಫೈಲ್‌ಗಳೇ. ನಂಬಿಕೆ ಇಲ್ಲದಿದ್ದರೆ ಒಂದು ಡಾಕ್ಸ್ ಫೈಲನ್ನು ಕಾಪಿ ಮಾಡಿ, ಆ ಕಾಪಿಯ ಬಾಲದ ಹೆಸರನ್ನು (ಕೊನೆಯ ಡಾಟ್ ಆದ ಮೇಲಿನ ಅಕ್ಷರಗಳನ್ನು) ಜಿಪ್ ಅಂತ ಬದಲಿಸಿ ತೆರೆದು ನೋಡಿ. ಒಳಗೆ ಫೋಲ್ಡರ್‌ಗಳು ಕಾಣುತ್ತವೆ.

ಚೆನ್ನಾಗಿ ಕುಗ್ಗುವುದು ಬರೀ ಅಕ್ಷರದ ಟೆಕ್ಸ್ಟ್ ಫೈಲ್, ಸಿಎಸ್‌ವಿ, ಹಳೇ ಕಾಲದ ಡಾಕ್ ಮತ್ತು ಎಕ್ಸ್‌ಎಲ್‌ಎಸ್, ಬಿಎಂಪಿ ಚಿತ್ರ, ಅಕೌಂಟ್ಸ್ ಸಾಫ್ಟ್‌ವೇರಿನ ಡೇಟಾ ಫೋಲ್ಡರ್, ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳ ಕೋಡ್. ಪಿಡಿಎಫ್ ಒಳಗಿನ ವಸ್ತುವಿನ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ ಹೆಚ್ಚೇನೂ ಇಳಿಯುವುದಿಲ್ಲ. ತೋಳಹುಣಸೆ ಯೂನಿವರ್ಸಿಟಿಗೆ ಪ್ರಾಜೆಕ್ಟ್ ರಿಪೋರ್ಟ್ ಕಳಿಸಬೇಕು, ಪಿಡಿಎಫ್ ದೊಡ್ಡದಾಗಿದೆ ಅಂದರೆ ಜಿಪ್ ಮಾಡಿ ಪ್ರಯೋಜನವಿಲ್ಲ. ವರ್ಡ್‌ನಲ್ಲೇ ಫೋಟೋಗಳ ಅಳತೆ ಇಳಿಸಿ ಮತ್ತೆ ಪಿಡಿಎಫ್ ತೆಗೆಯಿರಿ.

ಹಾಗಾದರೆ ಫೋಟೋ ಜಿಪ್ ಮಾಡುವುದೇ ಬೇಡವಾ? ಮಾಡಿ. ಸಾವಿರ ಫೋಟೋವನ್ನು ಒಂದೇ ಗಂಟಾಗಿ ಕಳಿಸಬಹುದು, ಒಂದೂ ತಪ್ಪಿಹೋಗುವುದಿಲ್ಲ, ಫೋಲ್ಡರ್ ಜೋಡಣೆ ಹಾಗೇ ಉಳಿಯುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕ್ವಾಲಿಟಿ ಇಳಿಸುತ್ತದೆ. ಜಿಪ್ ಮಾಡಿ ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದಂತೇ ಹೋಗುತ್ತದೆ, ಅಲ್ವಾ? ಆದರೆ ಜಾಗ ಉಳಿಯುತ್ತೆ ಅನ್ನೋ ಆಸೆ ಮಾತ್ರ ಬಿಡಿ. ಸಿ ಡ್ರೈವ್ ತುಂಬಿದೆ ಅಂತ ಫೋಟೋಗಳನ್ನೆಲ್ಲ ಜಿಪ್ ಮಾಡಿಡುವ ಬದಲು ಒಂದು ಹೊರಗಿನ ಹಾರ್ಡ್‌ಡಿಸ್ಕ್ ತಗೊಳ್ಳಿ.

ಹಂತ 2: ಕಂಪ್ಯೂಟರಿನಲ್ಲಿ ಈಗಾಗಲೇ ಏನಿದೆ?

ಸ್ಟಾರ್ಟ್ ಒತ್ತಿ "ವಿನ್‌ವರ್" (winver) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಯಾವ ವಿಂಡೋಸ್, ಯಾವ ವರ್ಷನ್ ಅಂತ ತೋರಿಸುತ್ತದೆ.

ಜಿಪ್ ಮಾಡುವುದು, ಬಿಚ್ಚುವುದು ಎಕ್ಸ್‌ಪಿ ಕಾಲದಿಂದಲೂ ವಿಂಡೋಸ್‌ನಲ್ಲೇ ಇದೆ. ವಿಂಡೋಸ್ 10 ಆದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, "ಸೆಂಡ್ ಟು", ಅದರೊಳಗೆ "ಕಂಪ್ರೆಸ್ಡ್ ಫೋಲ್ಡರ್". ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮಾಡಿದರೆ "ಕಂಪ್ರೆಸ್" ಅಂತ ನೇರವಾಗಿ ಕಾಣುತ್ತದೆ. 2023ರ ಅಕ್ಟೋಬರ್ ಕೊನೆಯ ಅಪ್‌ಡೇಟ್‌ನಿಂದ ಈಚೆಗೆ ವಿಂಡೋಸ್ 11 ರಾರ್ ಮತ್ತು 7ಜೆಡ್ ಫೈಲ್‌ಗಳನ್ನೂ ತಾನೇ ಬಿಚ್ಚುತ್ತದೆ. 24ಎಚ್2 ವರ್ಷನ್‌ನಲ್ಲಿ 7ಜೆಡ್ ಮಾಡಲೂ ಬರುತ್ತದೆ.

ಅಂದರೆ ವರ್ಷಕ್ಕೆ ಎರಡು ಸಲ ಯಾರೋ ಕಳಿಸಿದ ಜಿಪ್ ಬಿಚ್ಚುವುದಷ್ಟೇ ನಿಮ್ಮ ಕೆಲಸವಾದರೆ ಏನೂ ಹಾಕಿಕೊಳ್ಳಬೇಡಿ. ಸುಮ್ನೆ ಇನ್ನೊಂದು ಸಾಫ್ಟ್‌ವೇರ್ ಯಾಕೆ? ಆದರೆ ಪಾಸ್‌ವರ್ಡ್ ಹಾಕಬೇಕು, ದೊಡ್ಡ ಫೈಲನ್ನು ತುಂಡು ಮಾಡಬೇಕು, ಮಾಡಿದ ಜಿಪ್ ಸರಿ ಇದೆಯಾ ಅಂತ ಪರೀಕ್ಷಿಸಬೇಕು ಅಂದರೆ ವಿಂಡೋಸ್‌ನದ್ದು ಸಾಲದು. ಎಕ್ಸ್‌ಪಿಯಲ್ಲಿ ಜಿಪ್‌ಗೆ ಪಾಸ್‌ವರ್ಡ್ ಹಾಕುವ ಸೌಕರ್ಯ ಇತ್ತು, ವಿಸ್ತಾದಲ್ಲಿ ಅದನ್ನು ತೆಗೆದುಹಾಕಿದರು.

ಹಂತ 3: ಯಾವುದನ್ನು ಆರಿಸಬೇಕು

ಹೆಸರು ಹತ್ತಾರು ಇವೆ. ಮನೆಗೆ ಲೆಕ್ಕಕ್ಕೆ ಬರುವುದು ಐದಾರು.

7-ಜಿಪ್. ಇಗೊರ್ ಪಾವ್ಲೋವ್ ಎಂಬ ರಷ್ಯಾದ ಪ್ರೋಗ್ರಾಮರ್ 1999ರಿಂದ ಮಾಡಿಕೊಂಡು ಬಂದಿರುವುದು. ಫ್ರೀ, ಜಾಹೀರಾತಿಲ್ಲ, ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು. ಡೌನ್‌ಲೋಡ್ ಎರಡು ಎಂಬಿಯೂ ಇಲ್ಲ. ಹಳೇ ವಿಂಡೋಸ್ 7 ಕಂಪ್ಯೂಟರಿನಲ್ಲೂ ಓಡುತ್ತದೆ. ನೋಡಲು ಮಾತ್ರ ಚೆನ್ನಾಗಿಲ್ಲ, ಇಪ್ಪತ್ತು ವರ್ಷ ಹಳೆಯದೇನೋ ಅನ್ನೋ ಥರ ಇದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ದಿನಾ ರೈಟ್ ಕ್ಲಿಕ್ ಮೆನುವಿನಿಂದಲೇ ಕೆಲಸ ಆಗುತ್ತದೆ.

ವಿನ್‌ರಾರ್. ನಮ್ಮ ಕಡೆ ಯಾವ ಕಂಪ್ಯೂಟರ್ ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದರೂ ಅವರು ಕೇಳದೇನೇ ಹಾಕಿಕೊಡುವುದು ಇದನ್ನೇ. ಇದು ಫ್ರೀ ಅಲ್ಲ. 40 ದಿನ ಪರೀಕ್ಷೆಗೆ ಅಂತ ಕೊಡುತ್ತಾರೆ, ಆಮೇಲೆ ದುಡ್ಡು ಕೊಡಿ ಅಂತ ಪುಟ್ಟ ಕಿಟಕಿ ಎದ್ದು ಬರುತ್ತಿರುತ್ತದೆ, ಕೆಲಸ ಮಾತ್ರ ನಿಲ್ಲುವುದಿಲ್ಲ. ಎಲ್ಲರೂ ಆ ಕಿಟಕಿ ಮುಚ್ಚಿ ಮುಂದೆ ಹೋಗುತ್ತಾರೆ. ಇದರಲ್ಲಿ ನಿಜವಾಗಿಯೂ ಮೆಚ್ಚಬೇಕಾದ ಒಂದು ಗುಣ ಇದೆ, ರಿಕವರಿ ರೆಕಾರ್ಡ್. ಫೈಲಿನ ಒಂದು ಭಾಗ ಹಾಳಾದರೂ ಸರಿಪಡಿಸಿಕೊಳ್ಳಲು ಸ್ವಲ್ಪ ಹೆಚ್ಚುವರಿ ಮಾಹಿತಿಯನ್ನು ಒಳಗೇ ಇಟ್ಟಿರುತ್ತದೆ. ಹಳೇ ಡಿಸ್ಕ್‌ಗಳಲ್ಲಿ ವರ್ಷಗಟ್ಟಲೆ ಇಡುವವರು ಇದಕ್ಕಾಗಿ ದುಡ್ಡು ಕೊಟ್ಟರೆ ತಪ್ಪಿಲ್ಲ. ಉಳಿದವರಿಗೆ ಬೇಡ. ರಾರ್ ಫೈಲ್ ಬಿಚ್ಚಲು 7-ಜಿಪ್ ಸಾಕು, ರಾರ್ ಹೊಸದಾಗಿ ಮಾಡಲು ಮಾತ್ರ ವಿನ್‌ರಾರ್ ಬೇಕು. ನೀವು ರಾರ್ ಮಾಡಲೇಬೇಕಾದ ಸಂದರ್ಭ ನನಗಂತೂ ಹೊಳೆಯುತ್ತಿಲ್ಲ.

ವಿನ್‌ಜಿಪ್ 1991ರಿಂದ ಇರುವ ಹಳೇ ಹೆಸರು. ದುಡ್ಡು ಕೊಟ್ಟು ತಗೊಳ್ಳುವಂಥದ್ದು ಮನೆಗೆ ಅದರಲ್ಲಿ ಏನೂ ಇಲ್ಲ.

ಪೀಜಿಪ್ ಫ್ರೀ. ನೋಡಲೂ ಚೆನ್ನಾಗಿದೆ, ಲಿನಕ್ಸ್‌ನಲ್ಲೂ ಸಿಗುತ್ತದೆ. 7-ಜಿಪ್ ಮುಖ ಇಷ್ಟವಾಗದವರು ಇದನ್ನು ಹಾಕಿಕೊಳ್ಳಿ. ಬ್ಯಾಂಡಿಜಿಪ್ ಕೊರಿಯಾದ್ದು, ಚುರುಕಾಗಿದೆ, ಆದರೆ ಫ್ರೀ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ. ನಾನಾಜಿಪ್ ಅಂತ ಇನ್ನೊಂದಿದೆ: 7-ಜಿಪ್‌ನ ಕೋಡನ್ನೇ ತೆಗೆದುಕೊಂಡು ಮಾಡಿದ್ದು, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುತ್ತದೆ, ವಿಂಡೋಸ್ 11ರ ಹೊಸ ರೈಟ್ ಕ್ಲಿಕ್ ಮೆನುವಿನಲ್ಲಿ ನೇರವಾಗಿ ಕೂರುತ್ತದೆ. ಸ್ಟೋರ್‌ನಿಂದ ಬಂದದ್ದರಿಂದ ಅಪ್‌ಡೇಟ್ ಕೂಡ ತಾನೇ ಆಗುತ್ತದೆ. ಮನೆಯಲ್ಲಿ ವಯಸ್ಸಾದ ಅಪ್ಪನಿಗೋ ಮಾವನಿಗೋ ಹಾಕಿಕೊಡುವುದಾದರೆ ನಾನು ಇದನ್ನೇ ಹಾಕುತ್ತೇನೆ, ಯಾಕೆಂದರೆ ಅಪ್‌ಡೇಟ್ ಮಾಡಿ ಅಂತ ಅವರಿಗೆ ಫೋನ್‌ನಲ್ಲಿ ಹೇಳಿ ಮಾಡಿಸುವ ತಾಪತ್ರಯ ಇರುವುದಿಲ್ಲ.

ಹಂತ 4: ಡೌನ್‌ಲೋಡ್ ಎಲ್ಲಿಂದ?

ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಲಿಂಕ್ ಒತ್ತಬೇಡಿ. ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು, ಅಲ್ಲಿರುವ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಬೇರೆ ಏನನ್ನೋ ಇಳಿಸುತ್ತದೆ. 7-ಜಿಪ್‌ನ ಅಸಲಿ ತಾಣ 7, ಅಡ್ಡಗೆರೆ, ಜಿಪ್, ಡಾಟ್ ಆರ್ಗ್. ಅಡ್ಡಗೆರೆ ಇದೆ, ಕೊನೆಯಲ್ಲಿ ಕಾಮ್ ಅಲ್ಲ, ಆರ್ಗ್. ವಿಳಾಸದ ಪಟ್ಟಿಯಲ್ಲಿ ನೀವೇ ಟೈಪ್ ಮಾಡಿ. ಹೆಸರು ಹೋಲುವ ನಕಲಿ ತಾಣಗಳು ಇರುವುದರಿಂದ ಈ ಒಂದು ಸಾಲನ್ನು ಬೇಕಾದರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಅಲ್ಲಿ ಪಟ್ಟಿಯ ಮೇಲೆ 64 ಬಿಟ್ ಎಕ್ಸ್64 ಅಂತ ಇರುವುದನ್ನು ಇಳಿಸಿ. ಈಗಿನ ಮನೆ ಕಂಪ್ಯೂಟರ್‌ಗಳು ಬಹುಪಾಲು ಅದೇ. ತುಂಬಾ ಹಳೇ ಸಿಸ್ಟಮ್ ಆದರೆ 32 ಬಿಟ್. ಇನ್‌ಸ್ಟಾಲ್ ಒತ್ತಿದರೆ ಕ್ಷಣದಲ್ಲಿ ಮುಗಿಯುತ್ತದೆ. ನಡುವೆ ಬ್ರೌಸರ್ ಹಾಕಲಾ, ಆಂಟಿವೈರಸ್ ಹಾಕಲಾ ಅಂತ ಅಸಲಿ 7-ಜಿಪ್ ಯಾವತ್ತೂ ಕೇಳುವುದಿಲ್ಲ. ಕೇಳಿದರೆ ಅದು ಅಸಲಿ ಅಲ್ಲ, ಅಲ್ಲೇ ನಿಲ್ಲಿಸಿ.

ಜೆರಾಕ್ಸ್ ಅಂಗಡಿಯವರೋ ಗೆಳೆಯರೋ ಪೆನ್‌ಡ್ರೈವ್‌ನಲ್ಲಿ ಕೊಡುವ "ಕ್ರ್ಯಾಕ್ ಮಾಡಿದ ವಿನ್‌ರಾರ್" ಬೇಡವೇ ಬೇಡ. ಫ್ರೀಯಾಗಿ ಅಷ್ಟೇ ಒಳ್ಳೆಯದು ಸಿಗುವಾಗ ವೈರಸ್ ಕೊಂಡು ತರುವುದು ಯಾವ ಬುದ್ಧಿ?

ಹಾಕಿಕೊಂಡ ಮೇಲೆ ಒಂದು ಸೆಟ್ಟಿಂಗ್ ತಪ್ಪದೇ ಬದಲಿಸಿ. ಸ್ಟಾರ್ಟ್‌ನಿಂದ 7-ಜಿಪ್ ಫೈಲ್ ಮ್ಯಾನೇಜರ್ ತೆರೆಯಿರಿ, "ಟೂಲ್ಸ್", "ಆಪ್ಷನ್ಸ್", ಅದರಲ್ಲಿ "7-ಜಿಪ್" ಎಂಬ ಟ್ಯಾಬ್. ಅಲ್ಲಿ "ಪ್ರಾಪಗೇಟ್ ಜೋನ್ ಐಡಿ ಸ್ಟ್ರೀಮ್" ಅಂತ ಒಂದು ಸಾಲಿದೆ, ಅದನ್ನು "ಯೆಸ್" ಮಾಡಿ. ಇಂಟರ್ನೆಟ್‌ನಿಂದ ಬಂದ ಫೈಲಿಗೆ ವಿಂಡೋಸ್ ಕಣ್ಣಿಗೆ ಕಾಣದ ಒಂದು ಗುರುತು ಹಾಕಿರುತ್ತದೆ, ಆ ಗುರುತು ಇದ್ದರೆ ತೆರೆಯುವ ಮೊದಲು ಎಚ್ಚರಿಸುತ್ತದೆ. ಈ ಸೆಟ್ಟಿಂಗ್ ಇಲ್ಲದಿದ್ದರೆ ಜಿಪ್‌ನಿಂದ ಬಿಚ್ಚಿದ ಫೈಲಿಗೆ ಆ ಗುರುತು ದಾಟುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಈ ಸೌಕರ್ಯ 2022ರಲ್ಲಿ ಬಂತು, ಆದರೆ ನಾವಾಗಿ ಆನ್ ಮಾಡಿಕೊಳ್ಳಬೇಕು.

ಹಂತ 5: ಜಿಪ್ ಮಾಡುವ ಕಿಟಕಿ, ಒಂದೊಂದೇ ಸಾಲು

ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ. ವಿಂಡೋಸ್ 11ರಲ್ಲಿ 7-ಜಿಪ್ ಕಾಣದಿದ್ದರೆ ಗಾಬರಿ ಬೇಡ, "ಶೋ ಮೋರ್ ಆಪ್ಷನ್ಸ್" ಒಳಗೆ ಅಡಗಿರುತ್ತದೆ. ಶಿಫ್ಟ್ ಒತ್ತಿಹಿಡಿದು ರೈಟ್ ಕ್ಲಿಕ್ ಮಾಡಿದರೆ ನೇರ ಅಲ್ಲಿಗೇ ಹೋಗುತ್ತದೆ. "7-ಜಿಪ್", ಆಮೇಲೆ "ಆಡ್ ಟು ಆರ್ಕೈವ್". ಒಂದು ಕಿಟಕಿ ತುಂಬ ಪೆಟ್ಟಿಗೆಗಳು ಬರುತ್ತವೆ. ಮುಟ್ಟಬೇಕಾದದ್ದು ನಾಲ್ಕೈದು ಮಾತ್ರ.

ಮೇಲಿನ ಪೆಟ್ಟಿಗೆಯಲ್ಲಿ ಹೆಸರು. ತಾರೀಖು ಸೇರಿಸಿ ಇಡಿ. "ಹೊಸದು", "ಫೈನಲ್", "ಫೈನಲ್ ಹೊಸದು" ಅಂತ ಇಟ್ಟರೆ ಆರು ತಿಂಗಳ ಮೇಲೆ ನಿಮಗೇ ಗೊತ್ತಾಗುವುದಿಲ್ಲ.

"ಆರ್ಕೈವ್ ಫಾರ್ಮ್ಯಾಟ್" ಎಂಬಲ್ಲಿ ಬೇರೆಯವರಿಗಾದರೆ ಜಿಪ್, ನಿಮಗೇ ಆದರೆ 7ಜೆಡ್.

"ಕಂಪ್ರೆಷನ್ ಲೆವೆಲ್" ನಾರ್ಮಲ್ ಇರಲಿ. ಅಲ್ಟ್ರಾ ಅಂತ ಕಂಡ ಕೂಡಲೇ ಅದನ್ನೇ ಒತ್ತುವ ಆಸೆ ಎಲ್ಲರಿಗೂ ಬರುತ್ತದೆ. ಒತ್ತಿದಾಗ ಕೆಳಗೆ "ಮೆಮೊರಿ ಯೂಸೇಜ್" ಅಂಕಿ ಹೇಗೆ ಏರುತ್ತದೆ ನೋಡಿ. 4 ಜಿಬಿ ರ್‍ಯಾಮ್ ಇರುವ ಕಂಪ್ಯೂಟರ್ ಅಲ್ಲೇ ಏದುಸಿರು ಬಿಡುತ್ತದೆ. ಅಷ್ಟು ಹೊತ್ತು ಕಾದು ಉಳಿಯುವುದು ಬಹಳ ಸಲ ಅಲ್ಪಸ್ವಲ್ಪ. ನಡುವೆ ಕರೆಂಟ್ ಹೋಯಿತು ಅಂದರೆ, ಯುಪಿಎಸ್ ಇಲ್ಲದ ಮನೆಯಲ್ಲಿ, ಮೊದಲಿಂದ ಶುರು ಮಾಡಬೇಕು. ಫೋಟೋ, ವಿಡಿಯೋ ಫೋಲ್ಡರ್ ಆದರೆ ಇನ್ನೂ ಸುಲಭ: "ಸ್ಟೋರ್" ಅಂತ ಇಡಿ. ಕುಗ್ಗಿಸುವ ಗೋಜಿಗೇ ಹೋಗದೆ ಗಂಟು ಮಾತ್ರ ಕಟ್ಟುತ್ತದೆ, ಪೆನ್‌ಡ್ರೈವ್‌ಗೆ ಕಾಪಿ ಮಾಡಿದಷ್ಟೇ ಬೇಗ ಮುಗಿಯುತ್ತದೆ.

"ಕಂಪ್ರೆಷನ್ ಮೆಥಡ್" ಜಿಪ್ ಆಯ್ಕೆ ಮಾಡಿದಾಗ "ಡಿಫ್ಲೇಟ್" ಇರುತ್ತದೆ. ಅದನ್ನು ಬದಲಿಸಬೇಡಿ. ಇನ್ನೂ ಚಿಕ್ಕದಾಗಲಿ ಅಂತ ಅಲ್ಲಿ 7ಜೆಡ್ ಬಳಸುವ ಎಲ್‌ಜೆಡ್‌ಎಂಎ ವಿಧಾನ ಹಾಕಿದರೆ ಹೆಸರಿಗೆ ಜಿಪ್ ಆಗಿಯೇ ಇರುತ್ತದೆ, ಆದರೆ ಬರೀ ವಿಂಡೋಸ್ ನಂಬಿಕೊಂಡ ಆ ಕಡೆಯವರಿಗೆ ಬಿಚ್ಚಲು ಆಗುವುದಿಲ್ಲ. ಡಿಫ್ಲೇಟ್ ಅನ್ನೋದು ಫಿಲ್ ಕ್ಯಾಟ್ಜ್ ಎಂಬಾತ ತನ್ನ ಪಿಕೆಜಿಪ್ ಪ್ರೋಗ್ರಾಮಿಗೆ ಮಾಡಿದ ವಿಧಾನ. ಜಿಪ್ ಫಾರ್ಮ್ಯಾಟ್ 1989ರದ್ದು. ಇಷ್ಟು ಹಳೆಯದಾದ್ದರಿಂದಲೇ ಫೋನ್, ಮ್ಯಾಕ್, ಲಿನಕ್ಸ್, ಎಲ್ಲ ಕಡೆ ತೆರೆಯುತ್ತದೆ.

ಬಲಗಡೆ "ಡಿಲೀಟ್ ಫೈಲ್ಸ್ ಆಫ್ಟರ್ ಕಂಪ್ರೆಷನ್" ಅಂತ ಒಂದು ಚೌಕ ಇದೆ. ಅದಕ್ಕೆ ಟಿಕ್ ಹಾಕಬೇಡಿ. ಜಿಪ್ ಸರಿಯಾಗಿದೆ ಅಂತ ನೀವು ನೋಡುವ ಮೊದಲೇ ಅಸಲಿ ಫೈಲ್ ಹೋಗಿಬಿಟ್ಟಿರುತ್ತದೆ. ಅದರ ಹತ್ತಿರವೇ ಇರುವ "ಎಸ್‌ಎಫ್‌ಎಕ್ಸ್" ಕೂಡ ಬೇಡ. ತಾನೇ ಬಿಚ್ಚಿಕೊಳ್ಳುವ ಎಕ್ಸ್ಇ ಫೈಲ್, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಮ್, ಮಾಡುತ್ತದೆ ಅದು. ಜಿಮೇಲ್ ಅದನ್ನು ಒಳಗೇ ಬಿಡುವುದಿಲ್ಲ, ಜಿಪ್ ಒಳಗೆ ಬಚ್ಚಿಟ್ಟರೂ ಹಿಡಿಯುತ್ತದೆ.

ಆಡಿಟರ್‌ಗೆ ಕಳಿಸುವ ಲೆಕ್ಕ

ವ್ಯಾಪಾರಸ್ಥರ ಮನೆಗಳಲ್ಲಿ ಜಿಪ್‌ನ ಮುಖ್ಯ ಕೆಲಸ ಇದೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಫೋಲ್ಡರ್ ಒಳಗೆ ಪ್ರತಿ ಕಂಪನಿಗೂ ಅಂಕಿಯ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಯಾವ ಅಂಕಿ ಯಾವ ಕಂಪನಿ ಅಂತ ಟ್ಯಾಲಿಯ ಕಂಪನಿ ಪಟ್ಟಿಯಲ್ಲೇ ಕಾಣುತ್ತದೆ. ಮೊದಲು ಟ್ಯಾಲಿ ಮುಚ್ಚಿ. ತೆರೆದಿಟ್ಟುಕೊಂಡೇ ಜಿಪ್ ಮಾಡಿದರೆ ಕೆಲವು ಫೈಲ್ ಬಳಕೆಯಲ್ಲಿದೆ ಅಂತ ಬಿಟ್ಟುಹೋಗಬಹುದು. ಆಮೇಲೆ ಆ ಅಂಕಿಯ ಫೋಲ್ಡರನ್ನೇ ಪೂರ್ತಿಯಾಗಿ ಜಿಪ್ ಮಾಡಿ, ಒಳಗಿನ ಫೈಲ್‌ಗಳನ್ನು ಬಿಡಿಬಿಡಿಯಾಗಿ ಅಲ್ಲ. ಫೋಲ್ಡರ್ ಸಮೇತ ಹೋದರೆ ಆ ಕಡೆಯವರು ಬಿಚ್ಚಿ ನೇರವಾಗಿ ತಮ್ಮ ಡೇಟಾ ಫೋಲ್ಡರಿಗೆ ಹಾಕಿಕೊಳ್ಳಬಹುದು. ಇಂಥ ಡೇಟಾ ಚೆನ್ನಾಗಿ ಕುಗ್ಗುತ್ತದೆ, ಇಲ್ಲಿ ಜಿಪ್‌ಗೂ 7ಜೆಡ್‌ಗೂ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೂ ಕಳಿಸುವುದು ಜಿಪ್‌ನಲ್ಲೇ. ಆಡಿಟರ್ ಆಫೀಸಿನ ಹುಡುಗನಿಗೆ ಮಾರ್ಚ್ ಕೊನೆಯಲ್ಲಿ ನಿಮ್ಮ 7ಜೆಡ್ ಬಿಚ್ಚಲು ಸಾಫ್ಟ್‌ವೇರ್ ಹುಡುಕುವ ಪುರುಸೊತ್ತು ಇರುವುದಿಲ್ಲ ಪಾಪ.

ಹಂತ 6: ಪಾಸ್‌ವರ್ಡ್ ಹಾಕುವಾಗ

ಆಧಾರ್, ಪ್ಯಾನ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಇವುಗಳ ಸ್ಕ್ಯಾನ್ ಕಳಿಸುವಾಗ ಪಾಸ್‌ವರ್ಡ್ ಇರಲಿ. ಜಿಪ್‌ಗೆ ಪಾಸ್‌ವರ್ಡ್ ಅಂದರೆ ಏನು ಅಂತ ಎಷ್ಟೋ ಜನ ಈಗಾಗಲೇ ನೋಡಿರುತ್ತೀರಿ. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಡೌನ್‌ಲೋಡ್ ಮಾಡಿದರೆ ಜಿಪ್ ಫೈಲೇ ಬರುತ್ತದೆ, ನೀವು ಕೊಟ್ಟ ಶೇರ್ ಕೋಡ್ ಹಾಕಿದರೆ ಮಾತ್ರ ತೆರೆಯುತ್ತದೆ.

ಅದೇ ಕಿಟಕಿಯ ಬಲಗಡೆ ಕೆಳಗೆ ಪಾಸ್‌ವರ್ಡ್ ಪೆಟ್ಟಿಗೆಗಳಿವೆ. ಎರಡು ಸಲ ಟೈಪ್ ಮಾಡಬೇಕು. ಅದರ ಕೆಳಗೆ "ಎನ್‌ಕ್ರಿಪ್ಷನ್ ಮೆಥಡ್". ಜಿಪ್ ಫಾರ್ಮ್ಯಾಟ್‌ನಲ್ಲಿ ಅಲ್ಲಿ ತಾನಾಗಿ ಇರುವುದು ಜಿಪ್‌ಕ್ರಿಪ್ಟೋ, ಹಳೇ ಬೀಗ. ಅದನ್ನು ಮುರಿಯುವ ದಾರಿಯನ್ನು 1994ರಲ್ಲೇ ಬಿಹಾಮ್ ಮತ್ತು ಕೋಚರ್ ಎಂಬ ಸಂಶೋಧಕರು ತೋರಿಸಿದ್ದಾರೆ. ಅದರ ಬದಲು ಎಇಎಸ್-256 ಅನ್ನೋ ಗಟ್ಟಿ ಬೀಗ ಆರಿಸಿ. ಆದರೆ ಇಲ್ಲೊಂದು ತೊಡಕಿದೆ. ಎಇಎಸ್ ಹಾಕಿದ ಜಿಪ್ ವಿಂಡೋಸ್‌ನ ಸ್ವಂತ ಸೌಕರ್ಯದಲ್ಲಿ ಬಿಚ್ಚುತ್ತೆ ಅಂತ ನಂಬುವ ಹಾಗಿಲ್ಲ. ಆ ಕಡೆಯೂ 7-ಜಿಪ್ ಅಥವಾ ಅಂಥದ್ದೇ ಒಂದು ಇರಬೇಕು. ಕಳಿಸುವ ಮೊದಲು ಒಂದು ಮಾತು ಕೇಳಿ. ಇಲ್ಲ ಅಂದರೆ ಹಾಕಿಕೊಳ್ಳಿ ಅಂತ ಹೇಳಿ. ಅವರಿಗೆ ಸುಲಭವಾಗಲಿ ಅಂತ ಆಧಾರ್ ಪ್ರತಿಗೆ ಹಳೇ ಬೀಗ ಹಾಕಬೇಡಿ.

ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿದರೂ ಒಳಗಿನ ಫೈಲ್‌ಗಳ ಹೆಸರು ಎಲ್ಲರಿಗೂ ಕಾಣುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. "ಅಪ್ಪನ ಆಸ್ತಿ ಪತ್ರ" ಅಂತ ಹೆಸರಿಟ್ಟಿದ್ದರೆ ಪತ್ರ ತೆರೆಯದಿದ್ದರೂ ಅದು ಇದೆ ಅನ್ನುವುದು ಗೊತ್ತಾಗುತ್ತದೆ. 7ಜೆಡ್‌ನಲ್ಲಿ "ಎನ್‌ಕ್ರಿಪ್ಟ್ ಫೈಲ್ ನೇಮ್ಸ್" ಅಂತ ಟಿಕ್ ಇದೆ, ಹಾಕಿದರೆ ಹೆಸರೂ ಮುಚ್ಚಿಹೋಗುತ್ತದೆ. ಆದರೆ ಒಳಗಿನ ಪಟ್ಟಿಯೇ ಕಾಣದ ಇಂಥ ಗಂಟನ್ನು ಜಿಮೇಲ್ ತಡೆಯುತ್ತದೆ. ಅಂಥದ್ದನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ ಅಥವಾ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ.

ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆಯಬೇಡಿ. ಫೋನ್ ಮಾಡಿ ಹೇಳಿ. ಮೊಬೈಲ್ ನಂಬರ್, ಹುಟ್ಟಿದ ವರ್ಷ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ, ನೆನಪೂ ಇರುತ್ತದೆ, ಊಹಿಸುವುದೂ ಕಷ್ಟ. ಮರೆತರೆ ಮಾತ್ರ ಗತಿಯಿಲ್ಲ. ಎಇಎಸ್ ಹಾಕಿದ, ಒಳ್ಳೇ ಪಾಸ್‌ವರ್ಡ್ ಇರುವ ಫೈಲನ್ನು ತೆರೆದುಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳಿಗೆ ದುಡ್ಡು ಸುರಿಯಬೇಡಿ.

ಕನ್ನಡದ ಹೆಸರು, ನುಡಿ ಫಾಂಟ್

ಫೈಲ್ ಹೆಸರನ್ನು ಕನ್ನಡದಲ್ಲಿ ಇಡುವವರು ಇದನ್ನು ಓದಲೇಬೇಕು. ಜಿಪ್ ಹುಟ್ಟಿದ ಕಾಲದಲ್ಲಿ ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಹೆಸರು ಹಿಡಿದಿಡಲು ಸರಿಯಾದ ಜಾಗವೇ ಇರಲಿಲ್ಲ. ಯೂನಿಕೋಡ್ ಹೆಸರಿನ ವ್ಯವಸ್ಥೆ ಆಮೇಲೆ ಸೇರಿತು. ವಿಂಡೋಸ್ 7ರ ಸ್ವಂತ ಜಿಪ್‌ಗೆ "ಮದುವೆ ಫೋಟೋ" ಅಂತ ಹೆಸರಿನ ಫೈಲ್ ಹಾಕಿದರೆ ಈ ಅಕ್ಷರಗಳನ್ನು ಜಿಪ್‌ನಲ್ಲಿ ಬಳಸುವಂತಿಲ್ಲ ಅಂತ ಹೇಳಿ ಕೈ ಚೆಲ್ಲುತ್ತದೆ. ಹೊಸ ವಿಂಡೋಸ್‌ನಲ್ಲಿ ಆ ತೊಂದರೆ ಇಲ್ಲ. 7-ಜಿಪ್ ಕನ್ನಡ ಹೆಸರನ್ನು ತಾನೇ ಯೂನಿಕೋಡ್‌ನಲ್ಲಿ ಬರೆಯುತ್ತದೆ. ಆದರೂ ಹಳೇ ಕಂಪ್ಯೂಟರಿನಲ್ಲಿ ಬಿಚ್ಚಿದಾಗ ಹೆಸರೆಲ್ಲ ಚಿತ್ರವಿಚಿತ್ರ ಗೀಟುಗಳಾಗಿ ಬರಬಹುದು. ಹಾಗೆ ಬಂದರೆ ಫೈಲ್ ಹಾಳಾಗಿದೆ ಅಂತಲ್ಲ, ಅಲ್ಲೂ 7-ಜಿಪ್‌ನಿಂದ ಬಿಚ್ಚಿ ನೋಡಿ. ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ಲದ ಫೈಲಿಗೆ ಇಂಗ್ಲಿಷ್ ಅಕ್ಷರದ ಹೆಸರೇ ಇರಲಿ, ಬೇಜಾರಾದರೂ.

ಇನ್ನು ಲಗ್ನಪತ್ರಿಕೆ ಮಾಡಿಸುವವರು, ಡಿಟಿಪಿ ಅಂಗಡಿಗೆ ಮ್ಯಾಟರ್ ಕೊಡುವವರು. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಕಲಸುಮೇಲೋಗರ ಕಾಣುತ್ತದೆ. ನುಡಿ ಹೇಗೂ ಉಚಿತ. ಒಂದು ಫೋಲ್ಡರ್ ಮಾಡಿ, ಅದರಲ್ಲಿ ವರ್ಡ್ ಫೈಲ್, ಬಳಸಿದ ಟಿಟಿಎಫ್ ಫಾಂಟ್, ಜೊತೆಗೆ ಹೇಗೆ ಕಾಣಬೇಕು ಅಂತ ತೋರಿಸುವ ಒಂದು ಪಿಡಿಎಫ್ ಮೂರನ್ನೂ ಹಾಕಿ ಒಟ್ಟಿಗೆ ಜಿಪ್ ಮಾಡಿ ಕೊಡಿ. ಒತ್ತಕ್ಷರ ತಪ್ಪಿದ್ದರೆ ಪಿಡಿಎಫ್ ನೋಡಿ ಅವರೇ ಕಂಡುಹಿಡಿಯುತ್ತಾರೆ, ಅಚ್ಚಾದ ಮೇಲೆ ಜಗಳ ಇರುವುದಿಲ್ಲ.

ಹಂತ 7: ದೊಡ್ಡ ಗಂಟು ಕಳಿಸುವುದು

ಜಿಮೇಲ್‌ಗೆ 25 ಎಂಬಿ ಮಿತಿ. ಅದಕ್ಕಿಂತ ದೊಡ್ಡದಾದರೆ ಅದೇ ಡ್ರೈವ್ ಲಿಂಕ್ ಮಾಡಿಬಿಡುತ್ತದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ 2 ಜಿಬಿವರೆಗೆ ಹೋಗುತ್ತದೆ. ಮನೆಗೆ ಇವೆರಡರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ, ತುಂಡು ಮಾಡುವ ಗೋಜು ಬೇಕಿಲ್ಲ.

ತುಂಡು ಬೇಕಾಗುವುದು ಪೆನ್‌ಡ್ರೈವ್‌ಗೆ. 8 ಜಿಬಿ ಖಾಲಿ ಇದೆ, 5 ಜಿಬಿ ವಿಡಿಯೋ ಹಾಕಿದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. ಪೆನ್‌ಡ್ರೈವ್ ಕೆಟ್ಟಿಲ್ಲ. ಅದನ್ನು ಫ್ಯಾಟ್32 ಅನ್ನೋ ಹಳೇ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಒಂದೊಂದು ಫೈಲ್ 4 ಜಿಬಿ ಮೀರುವಂತಿಲ್ಲ. 7-ಜಿಪ್‌ನ "ಸ್ಪ್ಲಿಟ್ ಟು ವಾಲ್ಯೂಮ್ಸ್" ಪೆಟ್ಟಿಗೆಯ ಬಾಣ ಒತ್ತಿದರೆ ಪಟ್ಟಿಯಲ್ಲಿ "4092ಎಂ ಫ್ಯಾಟ್" ಅಂತಲೇ ಇದೆ, ಅದನ್ನು ಆರಿಸಿ. ಕೊನೆಯಲ್ಲಿ 001, 002 ಅಂತ ಇರುವ ತುಂಡುಗಳು ಬರುತ್ತವೆ. ಆ ಕಡೆ ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿಕೊಂಡು 001ರ ಮೇಲೆ ರೈಟ್ ಕ್ಲಿಕ್ ಮಾಡಿ ಬಿಚ್ಚಬೇಕು. ಒಂದು ತುಂಡು ಕಳೆದರೂ ಪೂರ್ತಿ ಬರುವುದಿಲ್ಲ. ಕೊಡುವಾಗ ಎಷ್ಟು ತುಂಡು ಅಂತ ಹೇಳಿಬಿಡಿ.

ಹಂತ 8: ಅಳಿಸುವ ಮೊದಲು ಟೆಸ್ಟ್

ಜಿಪ್ ಆದ ಮೇಲೆ ಅದರ ಮೇಲೆ ರೈಟ್ ಕ್ಲಿಕ್, "7-ಜಿಪ್", "ಟೆಸ್ಟ್ ಆರ್ಕೈವ್". ಒಳಗಿನ ಪ್ರತಿ ಫೈಲಿಗೂ ಜಿಪ್ ಮಾಡುವಾಗ ಒಂದು ಲೆಕ್ಕದ ಸಂಖ್ಯೆ ಬರೆದಿಟ್ಟಿರುತ್ತದೆ, ಈಗ ಬಿಚ್ಚಿ ಅದನ್ನು ಮತ್ತೆ ಹೋಲಿಸುತ್ತದೆ. ತಪ್ಪಿಲ್ಲ ಅಂತ ಬಂದರೆ ಸರಿ. ಈ ಟೆಸ್ಟನ್ನು ಕಂಪ್ಯೂಟರಿನಲ್ಲಿರುವ ಪ್ರತಿಗೆ ಮಾಡಿದರೆ ಸಾಲದು, ಪೆನ್‌ಡ್ರೈವ್‌ಗೆ ಕಾಪಿ ಆದ ಪ್ರತಿಗೂ ಮಾಡಿ. ನಾನು ಕಂಡಂತೆ ಎಡವಟ್ಟು ಜಾಸ್ತಿ ಆಗುವುದು ಅಗ್ಗದ ಪೆನ್‌ಡ್ರೈವ್‌ಗೆ ಬರೆಯುವಾಗ, ಇಲ್ಲವೇ ಬರೆದು ಮುಗಿಯುವ ಮೊದಲೇ ಕಿತ್ತುಕೊಂಡಾಗ.

7ಜೆಡ್ ಬ್ಯಾಕಪ್ ಇಡುವವರು ಒಂದು ತಿಳಿದಿರಲಿ. ಅದು ಹಲವು ಫೈಲ್‌ಗಳನ್ನು ಒಂದೇ ಉದ್ದ ದಾರವಾಗಿ ಹೊಸೆಯುವುದರಿಂದ ನಡುವೆ ಒಂದು ಕಡೆ ಕೆಟ್ಟರೆ ಅದರ ಮುಂದಿನವೂ ಹೋಗಬಹುದು. ಜಿಪ್‌ನಲ್ಲಿ ಪ್ರತಿ ಫೈಲ್ ಬೇರೆ ಬೇರೆ, ಒಂದು ಕೆಟ್ಟರೆ ಒಂದೇ. ಬೇಕೇ ಬೇಕಾದ ಫೋಟೋ, ಪತ್ರಗಳನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಸಾಧ್ಯವಾದರೆ ಒಂದು ಬೇರೆ ಮನೆಯಲ್ಲಿರಲಿ.

ಬೇರೆಯವರ ಜಿಪ್ ಬಿಚ್ಚುವಾಗ

ಮೊದಲು ಫೈಲ್ ಹೆಸರಿನ ಬಾಲ ಕಾಣುವಂತೆ ಮಾಡಿಕೊಳ್ಳಿ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು "ವ್ಯೂ", "ಶೋ", "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್". ಇದು ಆಫ್ ಇದ್ದಾಗ "ಬಿಲ್ ಡಾಟ್ ಪಿಡಿಎಫ್ ಡಾಟ್ ಎಕ್ಸ್ಇ" ಅನ್ನುವುದು ಬರೀ ಪಿಡಿಎಫ್ ಥರ ಕಾಣುತ್ತದೆ. ಕೊರಿಯರ್ ಬಂದಿದೆ, ಬಿಲ್ ಬಾಕಿ ಇದೆ ಅಂತ ಗೊತ್ತಿಲ್ಲದವರಿಂದ ಬರುವ ಜಿಪ್‌ಗಳ ಆಟ ಇದೇ. ಮೇಲ್‌ನಲ್ಲೇ ಪಾಸ್‌ವರ್ಡ್ ಬರೆದು ಕಳಿಸಿದ ಜಿಪ್ ಮೇಲೆ ಇನ್ನೂ ಜಾಸ್ತಿ ಅನುಮಾನ ಇರಲಿ: ಬೀಗ ಇದ್ದರೆ ಆಂಟಿವೈರಸ್ ಒಳಗೆ ನೋಡಲಾರದು, ಅದಕ್ಕೇ ಹಾಕಿರುತ್ತಾರೆ. ಬಿಚ್ಚುವ ಮೊದಲು 7-ಜಿಪ್‌ನ "ಓಪನ್ ಆರ್ಕೈವ್"ನಿಂದ ಒಳಗಿನ ಪಟ್ಟಿ ನೋಡಿ. ಎಕ್ಸ್ಇ, ಜೆಎಸ್, ಬ್ಯಾಟ್, ಎಪಿಕೆ ಬಾಲದ ಫೈಲ್ (ಎಲ್ಲವೂ ಒತ್ತಿದರೆ ಓಡುವಂಥವು) ಇದ್ದರೆ ಮುಚ್ಚಿ ಅಳಿಸಿ.

ಬಿಚ್ಚುವಾಗ "ಎಕ್ಸ್‌ಟ್ರಾಕ್ಟ್ ಹಿಯರ್" ಬದಲು ಫೋಲ್ಡರ್ ಹೆಸರು ತೋರಿಸುವ "ಎಕ್ಸ್‌ಟ್ರಾಕ್ಟ್ ಟು" ಒತ್ತಿ. ಇಲ್ಲದಿದ್ದರೆ ಡೆಸ್ಕ್‌ಟಾಪ್ ತುಂಬ ನೂರು ಫೈಲ್ ಚೆಲ್ಲಾಡುತ್ತದೆ. ಮ್ಯಾಕ್‌ನಿಂದ ಬಂದ ಜಿಪ್‌ನಲ್ಲಿ ಮ್ಯಾಕೋಸ್‌ಎಕ್ಸ್ ಅಂತ ಒಂದು ವಿಚಿತ್ರ ಫೋಲ್ಡರ್ ಇರುತ್ತದೆ, ಅದು ಕಸ, ತಲೆ ಕೆಡಿಸಿಕೊಳ್ಳಬೇಡಿ.

ಕೆಲವೊಮ್ಮೆ ಬಿಚ್ಚುವ ಸಾಫ್ಟ್‌ವೇರ್‌ನಲ್ಲೇ ತೂತು ಇರುತ್ತದೆ. ವಿನ್‌ರಾರ್‌ನಲ್ಲಿ 19 ವರ್ಷದಿಂದ ಇದ್ದ ಒಂದು ದೋಷ 2019ರಲ್ಲಿ ಬೆಳಕಿಗೆ ಬಂತು. 2023ರಲ್ಲೂ 2025ರಲ್ಲೂ ಇನ್ನಷ್ಟು ಸಿಕ್ಕವು, ಸರಿಪಡಿಸುವ ಮೊದಲೇ ಕಳ್ಳರು ಅವನ್ನು ಬಳಸಿದ್ದರು. 7-ಜಿಪ್‌ನಲ್ಲೂ ಆ ಎಚ್ಚರಿಕೆಯ ಗುರುತು ದಾಟದೇ ಹೋಗುವ ಒಂದು ತೂತನ್ನು 24.09 ವರ್ಷನ್‌ನಲ್ಲಿ ಮುಚ್ಚಿದರು. ಕಂಪನಿಗಳು ಸರಿಮಾಡುತ್ತವೆ, ಆದರೆ 7-ಜಿಪ್ ಆಗಲಿ ವಿನ್‌ರಾರ್ ಆಗಲಿ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಕಂಪ್ಯೂಟರ್ ಅಂಗಡಿಯವರು ಐದು ವರ್ಷದ ಹಿಂದೆ ಹಾಕಿಕೊಟ್ಟದ್ದು ಅದೇ ಸ್ಥಿತಿಯಲ್ಲಿ ಕೂತಿರುತ್ತದೆ. "ಹೆಲ್ಪ್" ಮೆನುವಿನ "ಅಬೌಟ್"ನಲ್ಲಿ ವರ್ಷನ್ ನೋಡಿ, ತಾಣದಲ್ಲಿರುವುದರ ಜೊತೆ ಹೋಲಿಸಿ, ಹೊಸದನ್ನು ಇಳಿಸಿ ಹಳೆಯದರ ಮೇಲೇ ಹಾಕಿ. ಆಯುಧಪೂಜೆಗೆ ಕಂಪ್ಯೂಟರ್ ಧೂಳು ಹೊಡೆಯುವ ದಿನ ಒಂದು ಸಲ, ಯುಗಾದಿ ಹೊತ್ತಿಗೆ ಇನ್ನೊಂದು ಸಲ ಮಾಡಿದರೂ ಏನೂ ಮಾಡದೇ ಇರುವುದಕ್ಕಿಂತ ಎಷ್ಟೋ ವಾಸಿ.

ಬಳಸದ ವಿನ್‌ರಾರ್ ಇದ್ದರೆ ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಗೆ ಹೋಗಿ ತೆಗೆದುಹಾಕಿ. ತೆಗೆದ ಮೇಲೆ ರಾರ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಯಾವುದರಲ್ಲಿ ತೆರೆಯಲಿ ಅಂತ ಕೇಳುತ್ತದೆ, 7-ಜಿಪ್ ತೋರಿಸಿ. ಅದೂ ಬೇಡ ಅಂದರೆ 7-ಜಿಪ್ ಫೈಲ್ ಮ್ಯಾನೇಜರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "ಟೂಲ್ಸ್", "ಆಪ್ಷನ್ಸ್", "ಸಿಸ್ಟಮ್" ಟ್ಯಾಬ್‌ನಲ್ಲಿ ರಾರ್, 7ಜೆಡ್ ಎರಡರ ಎದುರೂ ಒಂದು ಕ್ಲಿಕ್ ಮಾಡಿ ಓಕೆ ಕೊಡಿ.